ಪಡುಬಾಗಿಲಿನ ಹಬ್ಬ

ನಮ್ಮ ಮನೆಗೆ ಎರಡು ಬಾಗಿಲು. ಮೂಡುಬಾಗಿಲಿನಿಂದ ಜನ ಬರುತ್ತಿದ್ದರು. ಪಡುಬಾಗಿಲಿನಿಂದ ಮರಳು, ಒಣಮೀನಿನ ವಾಸನೆ, ಪಕ್ಕದ ಮನೆಯ ಕೋಳಿಗಳು ಮತ್ತು ಗಾಳಿ. ಬೆಳಂಬಾರದ ದಂಡೆಯ ಮೇಲೆ ಮನೆ ಕಟ್ಟುವ ಬುದ್ಧಿವಂತರು ಸಮುದ್ರದ ಕಡೆಗೆ ಹೆಚ್ಚೆಂದರೆ ಒಂದು ಕಿಂಡಿ ಬಿಡುತ್ತಿದ್ದರು. ನಮ್ಮ ಅಜ್ಜ ಎರಡು ಹಲಗೆಯ ಬಾಗಿಲನ್ನೇ ಇಟ್ಟಿದ್ದ. ಅದರ ಅಗುಳಿ ಎಷ್ಟು ಭಾರವೆಂದರೆ ಅದನ್ನು ಎತ್ತಲು ನಾನು ಎರಡೂ ಕೈ ಹಾಕಬೇಕಿತ್ತು. ಸಮುದ್ರಕ್ಕೆ ಯಾರಾದರೂ ಇಷ್ಟು ದೊಡ್ಡ ಬಾಗಿಲು ಇಡುತ್ತಾರೆಯೇ ಎಂದು ಬಂದವರು ಕೇಳಿದರೆ ಅಜ್ಜಿಗೆ ಉತ್ತರ ಸಿದ್ಧವಿತ್ತು.

"ನಾ ಇಡು ಅಂದೆ, ಇಟ್ಟ. ಅವ್ನ ಜನ್ಮದಲ್ಲಿ ಅವ್ನು ಮಾಡಿದ ಒಂದೇ ಒಳ್ಳೇ ಕೆಲ್ಸ ಅದು."

ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ, ಅಂಗಳ ದಾಟಿದರೆ ಕನ್ನಡ. ಇಲ್ಲಿ ಎಲ್ಲರ ಬಾಯಲ್ಲೂ ನಮ್ಮ ಕಡೆಯ ಕನ್ನಡವನ್ನೇ ಹಾಕುತ್ತಿದ್ದೇನೆ. ಅಜ್ಜಿ ಇದ್ದಿದ್ದರೆ ಅದಕ್ಕೂ ಒಂದು ಕೊಂಕು ತೆಗೆಯುತ್ತಿದ್ದಳು. ಅಜ್ಜಿಯ ಹೆಸರು ನತಾಲಿನ್. ಊರಿನ ಬಾಯಲ್ಲಿ ಬಾಯಮ್ಮ. ಅಪ್ಪ ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಮನೆಗೆ ಬರುವ ನೆಂಟ. ಹಾಗಾಗಿ ಮನೆಯಲ್ಲಿ ಇದ್ದದ್ದು ಮೂವರು ಹೆಂಗಸರು: ಅಜ್ಜಿ, ಮಾಯ್ ಎಂದು ನಾನು ಕರೆಯುತ್ತಿದ್ದ ಅಮ್ಮ, ಮತ್ತು ನಾನು, ರೆಮೆದಿನ್. ಮೂವರಲ್ಲಿ ಯಾರೂ ಯಾರಿಗೂ ಸೋಲುವವರಲ್ಲ. ಅತ್ತೆ ಸೊಸೆ ಬೆಳಿಗ್ಗೆ ಒಲೆಗೆ ಬೆಂಕಿ ಹಾಕುವಾಗ ಶುರುಮಾಡಿದ ಜಗಳವನ್ನು ಸಂಜೆ ಜಪಮಾಲೆ ಹಿಡಿಯುವಾಗ ನಿಲ್ಲಿಸಿ, ಜಪ ಮುಗಿದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದರು. ಸಾರಿಗೆ ಮುರುಗಲ ಹುಳಿ ಹೆಚ್ಚಾಯಿತು, ಬಂಗಡೆಗೆ ಉಪ್ಪು ಕಡಿಮೆಯಾಯಿತು, ನೆಲ ಒರೆಸಿದ ನೀರನ್ನು ಬಾಳೆಬುಡಕ್ಕೆ ಹಾಕಲಿಲ್ಲ, ಯಾವುದಾದರೂ ಆಗುತ್ತಿತ್ತು. ನಡುವೆ ನಾನು ಕೂತು ಗಂಜಿ ಉಣ್ಣುತ್ತಿದ್ದೆ. ಜಗಳವಿಲ್ಲದ ಮನೆಯಲ್ಲಿ ಗಂಜಿ ಹೇಗೆ ಇಳಿಯುತ್ತದೋ ನನಗೆ ಈಗಲೂ ತಿಳಿಯದು.

ಆದರೆ ವರ್ಷದ ದೊಡ್ಡ ಜಗಳ ಪಡುಬಾಗಿಲಿನದು. ಮೇ ತಿಂಗಳು ಅರ್ಧ ಕಳೆಯಿತೆಂದರೆ ದಂಡೆಯ ಮನೆಗಳವರೆಲ್ಲ ಹೆಣೆದ ತೆಂಗಿನ ಮಡಲುಗಳನ್ನು ಬಿದಿರಿಗೆ ಬಿಗಿದು ತಟ್ಟಿ ಮಾಡಿ, ಪಡುವಣ ಗೋಡೆಗೆ ಕತ್ತದ ಹಗ್ಗದಿಂದ ಕಟ್ಟಿಬಿಡುತ್ತಿದ್ದರು. ಅಲ್ಲಿಂದ ಮಳೆಗಾಲ ಮುಗಿಯುವವರೆಗೆ ಮನೆಯೊಳಗೆ ಕತ್ತಲೆ. ಕಟ್ಟದಿದ್ದರೆ ಇರಚಲು ಮಣ್ಣಿನ ಗೋಡೆಯನ್ನು ಅಂಬಲಿ ಮಾಡಿಬಿಡುತ್ತದೆ. ನಮ್ಮ ಮನೆಯ ತಟ್ಟಿಯೂ ಹೆಣೆದು ಸಿದ್ಧವಾಗಿರುತ್ತಿತ್ತು, ಆದರೆ ಪೆಂತೆಕೊಸ್ತ್ ಹಬ್ಬ ಮುಗಿಯದೆ ಅದನ್ನು ಕಟ್ಟಲು ಅಜ್ಜಿ ಬಿಡುತ್ತಿರಲಿಲ್ಲ. ಈಸ್ಟರ್ ಕಳೆದು ಐವತ್ತನೆಯ ದಿನ ಬರುವ ಹಬ್ಬ ಅದು, ಪವಿತ್ರಾತ್ಮ ಇಳಿದು ಬಂದ ದಿನ. ಈಸ್ಟರ್ ಬೇಗ ಬಂದ ವರ್ಷ ಸಮಸ್ಯೆ ಇಲ್ಲ. ಹಬ್ಬದ ದಿನ ಬಿಸಿಲು ಹೊಡೆಯುತ್ತಿರುತ್ತದೆ. ತಡವಾಗಿ ಬಂದ ವರ್ಷ ಹಬ್ಬಕ್ಕಿಂತ ಮೊದಲೇ ಮಳೆ ಹಾಜರು. ಆಗಲೂ ಅಜ್ಜಿ ಇಗರ್ಜಿಯ ಪೂಜೆಯಿಂದ ಬಂದವಳೇ ಅಗುಳಿ ಎತ್ತಿ ಎರಡೂ ಹಲಗೆ ಹಾರು ಹೊಡೆಯುತ್ತಿದ್ದಳು. ಮಧ್ಯಾಹ್ನದ ಊಟ ಮುಗಿಯುವವರೆಗೆ ಅದು ಹಾಗೇ ಇರಬೇಕು.

ಕಥೆಯನ್ನು ಅವಳು ಹೇಳುತ್ತಿದ್ದ ರೀತಿಯೇ ಬೇರೆ. ಯೇಸುವಿನ ಶಿಷ್ಯರಲ್ಲಿ ಮುಖ್ಯವಾದವರೆಲ್ಲ ಮೀನು ಹಿಡಿಯುವವರು, ನಮ್ಮ ಹಾಗೆ, ಪಕ್ಕದ ಮನೆಯ ದೇವಮ್ಮನ ಗಂಡನ ಹಾಗೆ. ಗುರು ಹೋದ ಮೇಲೆ ಹೆದರಿ ಚಿಲಕ ಹಾಕಿಕೊಂಡು ಒಳಗೆ ಕೂತಿದ್ದರು. ಆಗ ಒಂದು ಗಾಳಿ ಎದ್ದು ಮನೆಯನ್ನೆಲ್ಲ ತುಂಬಿತು. ಅದೇ ಇಸ್ಪಿರಿತು ಸಾಂತು, ಪವಿತ್ರಾತ್ಮ. ಆ ಗಾಳಿ ಹೊಕ್ಕ ಮೇಲೆ ಅವರಲ್ಲಿ ಒಬ್ಬನೂ ಮತ್ತೆ ಒಳಗೆ ಕೂರಲಿಲ್ಲ. ಇಗರ್ಜಿಯ ಗೋಡೆಯಲ್ಲಿ ಪವಿತ್ರಾತ್ಮನನ್ನು ಬಿಳಿ ಪಾರಿವಾಳವಾಗಿ ಬರೆದಿದ್ದರಲ್ಲ, ಅಜ್ಜಿಗೆ ಅದು ಸೇರುತ್ತಿರಲಿಲ್ಲ. ಪಾರಿವಾಳ ಹಂಚಿನ ಮೇಲೆ ಹಿಕ್ಕೆ ಹಾಕುತ್ತದೆ, ಅದನ್ನು ಕಂಡು ಯಾವ ಮೀನುಗಾರ ಎದ್ದು ಹೊರಗೆ ಹೋಗುತ್ತಾನೆ ಎನ್ನುತ್ತಿದ್ದಳು. ಗಾಳಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳ ಸ್ವಂತ ಅಣ್ಣ ದೋಣಿ ಸಮೇತ ಗಾಳಿಗೆ ಹೋದವನು, ಹೆಣವೂ ಸಿಗಲಿಲ್ಲ. ಮಾಯ್ ಜಗಳದ ತುದಿಯಲ್ಲಿ ಅದನ್ನೂ ಎತ್ತಿ ಆಡುತ್ತಿದ್ದಳು.

"ನಿಮ್ಮ ಅಣ್ಣನ್ನ ನುಂಗಿದ ಗಾಳಿಗೆ ಬಾಗ್ಲು ತೆಗೀತ್ರಲ್ಲ ಅತ್ತೆ, ನಿಮ್ಗೆ ಎದೆ ಹೊಡ್ಕಳೂದಿಲ್ವೇ?"

"ಹೊಡ್ಕಳ್ತದೆ. ಹೊಡ್ಕಳ್ಳಿ. ಹೆದ್ರಿಕೆ ಇಲ್ದಿದ್ರೆ ಬಾಗ್ಲು ತೆಗೂದ್ರಲ್ಲಿ ಎಂತಾ ದೊಡ್ಡಸ್ತನ ಅದೆ?"

ಮಾಯ್ ಬೈಯುತ್ತಲೇ ಅಕ್ಕಿಯ ಪೆಟ್ಟಿಗೆಯನ್ನು ಒಳಗೆ ಎಳೆದು, ಒಣಮೀನಿನ ಬುಟ್ಟಿಯನ್ನು ಅಟ್ಟಕ್ಕೇರಿಸಿ, ಗೋಣಿತಾಟು ಹಿಡಿದು ಸಿದ್ಧವಾಗುತ್ತಿದ್ದಳು. ನೆಲ ಒರೆಸಬೇಕಾದವಳು ಅವಳೇ. ದೇವರಿಗೆ ಬಾಗಿಲು ತೆಗೆಯುವ ಪುಣ್ಯ ನಿಮಗೆ, ನೀರು ಬಳಿಯುವ ಕರ್ಮ ನನಗೆ ಎಂದು ಅವಳು ಗೊಣಗುವುದನ್ನು ನಾನು ಪ್ರತಿ ವರ್ಷ ಕೇಳಿದ್ದೇನೆ. ಆದರೂ ಆ ದಿನ ಬಾಗಿಲೆದುರು ಎಲೆ ಹಾಕಿ ಉಣ್ಣುವುದರಲ್ಲಿ ಏನೋ ಸುಖವಿತ್ತು. ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿದ ಸಣ್ಣಾಂ, ಕೋಳಿ ಸಾರು, ಕೊನೆಗೆ ಕರಿ ಈಶಾಡ ಮಾವು. ಗಾಳಿಗೆ ಎಲೆಯ ತುದಿ ಏಳದಂತೆ ಮಂಡಿಯಿಂದ ಒತ್ತಿಕೊಂಡು ಉಣ್ಣಬೇಕಿತ್ತು.

ಈ ದೇವಮ್ಮ ಮೀನು ಹಿಡಿಯುವ ಹರಿಕಂತ್ರರವಳು. ಅವಳ ಗಂಡನದು ಸ್ವಂತ ದೋಣಿ. ದಂಡೆಯ ಆ ಹಿಂದೂ ಮನೆಗಳವರಿಗೆ ನಮ್ಮ ಪೆಂತೆಕೊಸ್ತ್ ಗೊತ್ತಿರಲಿಲ್ಲ, ಬಾಯಮ್ಮನ ಬಾಗಿಲು ಗೊತ್ತಿತ್ತು. ಅದು ತೆರೆದು ಮುಚ್ಚಿದ ಮೇಲೆ ಆ ವರ್ಷದ ಸಮುದ್ರ ಮುಗಿಯಿತು ಎಂದು ದೋಣಿಗಳನ್ನು ಮೇಲೆ ಎಳೆದುಬಿಡುತ್ತಿದ್ದರು. ಹೆಂಗಸರು ಅಬ್ಬಲಿಗೆ ಹೂವಿನ ದಂಡೆ, ಒಂದು ತೆಂಗಿನಕಾಯಿ ತಂದು ಹೊಸ್ತಿಲ ಹೊರಗೆ ಇಟ್ಟು ಕೈಮುಗಿದು ಹೋಗುತ್ತಿದ್ದರು. ದೇವಮ್ಮ ಒಮ್ಮೆ ಕೇಳಿದಳು:

"ಬಾಯಮ್ಮಾ, ಬಾಗ್ಲು ಹಾಕಿದ್ರೆ ನಿಮ್ಮ ದೇವ್ರು ಒಳಗೆ ಬರೂದಿಲ್ವೇ?"

"ಬತ್ತದೆ. ಅದ್ಕೆ ಯಾರ ಅಪ್ಪಣೆ ಬೇಕು? ಆದ್ರೆ ನೆಂಟ್ರು ಬರೂ ದಿವ್ಸ ಚಿಲ್ಕ ಹಾಕ್ಕಂಡು ಕೂತ್ಕಳೂದು ಯಾವ ಮರ್ಯಾದೆ, ನೀನೇ ಹೇಳು."

ಈ ಅಬ್ಬಲಿಗೆ ದಂಡೆಯೇ ಇನಾಸ್ ಬಾಪ್ಪುವಿನ ಕಣ್ಣು ಕುಕ್ಕಿದ್ದು. ಬಾಪ್ಪು ನನ್ನ ಅಪ್ಪನ ಅಣ್ಣ. ಅಂಕೋಲೆಯ ಪೇಟೆಯಲ್ಲಿ ಗೇರುಬೀಜದ ವ್ಯಾಪಾರ, ಮೇಲೆ ಇಗರ್ಜಿಯ ಹಿರಿಯರಲ್ಲೊಬ್ಬ. ಅವನನ್ನು ಕೆಟ್ಟವನೆನ್ನಲಾರೆ. ಅಪ್ಪನ ಹಣ ತಡವಾದಾಗ ಅಕ್ಕಿ ಕಳಿಸಿದ್ದು ಅವನೇ. ಆದರೆ ಅವನಿಗೆ ದೇವರು ಎಂದರೆ ಇಸ್ತ್ರಿ ಮಾಡಿದ ಅಂಗಿ, ಸುಕ್ಕು ಬೀಳಬಾರದು. ಹಿಂದೂಗಳು ಬಂದು ಹೊಸ್ತಿಲಿಗೆ ಕಾಯಿ ಇಡುತ್ತಾರೆ, ನಾಳೆ ಕುಂಕುಮ ಹಚ್ಚುತ್ತಾರೆ, ನಾಡಿದ್ದು ಮರದ ಬಾಗಿಲೇ ದೇವರಾಗುತ್ತದೆ, ಪಾದ್ರಿಗಳಿಗೆ ನಾನು ಏನು ಹೇಳಲಿ ಎಂಬುದು ಅವನ ಸಂಕಟ. ತಾಯಿ ಬದುಕಿರುವವರೆಗೆ ಅವನು ಅದನ್ನು ಹೊರಗೆ ಹೇಳಲಿಲ್ಲ. ಅಜ್ಜಿಯ ಎದುರು ಬಾಯಿ ಬಿಡುವ ಧೈರ್ಯ ಅವನ ಮೀಸೆಗೂ ಇರಲಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ, ಕ್ರಿಸ್ಮಸ್ ಕಳೆದ ಮೇಲೆ ಅಜ್ಜಿ ತೀರಿಕೊಂಡಳು. ಅದರ ಮುಂದೆ ಬಂದ ಈಸ್ಟರ್ ಬಹಳ ತಡ. ಪೆಂತೆಕೊಸ್ತ್ ಜೂನಿಗೆ ಹೋಗಿತ್ತು. ಹಬ್ಬದ ಹಿಂದಿನ ದಿನ ಬಾಪ್ಪು ಇಬ್ಬರು ಆಳುಗಳನ್ನು ಕರೆತಂದು, ತಾನೇ ನಿಂತು, ಪಡುಬಾಗಿಲಿಗೆ ಅಡ್ಡವಾಗಿ ತಟ್ಟಿ ಕಟ್ಟಿಸಿದ. ಮಾಯ್ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಹೋಗಿ, ನಾಳೆ ಹಬ್ಬ ಅಲ್ಲವೇ ಎಂದು ಕೇಳಿದೆ.

"ಹಬ್ಬ ಇಗರ್ಜಿಲಿ," ಎಂದ ಬಾಪ್ಪು. "ಮನೇಲಿ ಇನ್ನು ಈ ಹುಚ್ಚಾಟ ಇಲ್ಲ. ಅವ್ಳು ತಿಳೀದವ್ಳು, ಮಾಡ್ದಳು. ನೀನು ಶಾಲೆಗೆ ಹೋಗವ್ಳು."

ತಿಳಿಯದವಳು ಎಂಬ ಆ ಮಾತನ್ನು ನಾನು ಮರೆಯಲಿಲ್ಲ. ಮರುದಿನ ಪೂಜೆಯಲ್ಲಿ ಪಾದ್ರಿಗಳು ಅದೇ ಗಾಳಿಯ ಕಥೆಯನ್ನು ಓದಿದರು. ಇಗರ್ಜಿಯ ಕಿಟಕಿಗಳೆಲ್ಲ ಮಳೆಗೆಂದು ಮುಚ್ಚಿದ್ದವು, ಒಳಗೆ ಧೂಪದ ಹೊಗೆ ಮತ್ತು ಒದ್ದೆ ಕೊಡೆಗಳ ವಾಸನೆ, ಮತ್ತು ಜನರೆಲ್ಲ ಬೆವರೊರೆಸಿಕೊಳ್ಳುತ್ತ ಗಾಳಿಯ ವಿಷಯ ಕೇಳುತ್ತಿದ್ದರು. ನನಗೆ ನಗು ಬಂತು, ಸಿಟ್ಟೂ ಬಂತು. ಮನೆಗೆ ಬಂದಾಗ ಬಾಪ್ಪುವಿನ ಮನೆಯವರೂ ಊಟಕ್ಕೆ ಬಂದಿದ್ದರು. ಮಾಯ್ ಸಣ್ಣಾಂ ಇಳಿಸುತ್ತಿದ್ದಳು. ನಾನು ಮೀನು ಕೊಯ್ಯುವ ಕತ್ತಿ ತೆಗೆದುಕೊಂಡು ಮನೆಯ ಸುತ್ತ ಹೋಗಿ, ಹಗ್ಗಗಳನ್ನು ಒಂದೊಂದಾಗಿ ಕೊಯ್ದೆ. ತಟ್ಟಿ ಕೆಳಗೆ ಬಿದ್ದು ಗಾಳಿಗೆ ಅಂಗಳದಲ್ಲಿ ಓಡಿತು. ಒಳಗೆ ಬಂದು ಎರಡೂ ಕೈ ಹಾಕಿ ಅಗುಳಿ ಎತ್ತಿದೆ.

ಮುಂದಿನದನ್ನು ಗಾಳಿಯೇ ಮಾಡಿತು. ಹಲಗೆಗಳು ಗೋಡೆಗೆ ಬಡಿದವು. ದೇವರ ಪೀಠದ ಮೇಣದಬತ್ತಿ, ಕ್ಯಾಲೆಂಡರು, ಬಾಪ್ಪುವಿನ ಹೆಂಡತಿಯ ತಲೆಯ ಮೇಲಿನ ಸೆರಗು, ಎಲ್ಲ ಎದ್ದವು. ಬಾಪ್ಪು ತಂದುಕೊಟ್ಟಿದ್ದ ಯೇಸುವಿನ ಪವಿತ್ರ ಹೃದಯದ ಪಟ ಮೊಳೆಯಿಂದ ಕಳಚಿ ಬಿದ್ದು ಗಾಜು ಚೂರಾಯಿತು. ಅಡುಗೆಮನೆಯ ಮೇಲೆ ಹಂಚುಗಳು ಎದ್ದು ಬಿದ್ದ ಸದ್ದು ಕೇಳಿತು, ಒಣಮೀನಿನ ಬುಟ್ಟಿಗೆ ಮಳೆ ನೇರ ಇಳಿಯಿತು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಲಂಗ ಕಾಲಿಗೆ ಸುತ್ತಿಕೊಂಡಿತ್ತು, ಬಾಯೊಳಗೆ ಉಪ್ಪು, ಉಸಿರು ತೆಗೆಯಲಿಕ್ಕೇ ಬಿಡದ ಗಾಳಿ. ನನಗೆ ತುಂಬಾ ಹೆದರಿಕೆಯಾಯಿತು. ಅಷ್ಟೇ ಸಂತೋಷವೂ ಆಯಿತು. ದೇವರು ಎಂದರೆ ಹೀಗೇ ಇರಬೇಕು, ನಮ್ಮ ಪಾತ್ರೆಪಗಡ ನೋಡಿಕೊಂಡು ಮೆಲ್ಲಗೆ ಬರುವವನಾದರೆ ಅವನು ಯಾರಿಗೆ ಬೇಕು ಎಂದು ಆ ಕ್ಷಣ ನನಗೆ ಅನಿಸಿದ್ದು ಇಂದಿಗೂ ಬದಲಾಗಿಲ್ಲ. ಗಾಳಿ ಎಂಬ ಉಪಮೆಯನ್ನು ಆಮೇಲೆ ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ಮಂದವಾಗಿ ಬೀಸುವ, ತಂಪಾದ, ಹಣೆಯ ಬೆವರು ಒರೆಸುವ ಗಾಳಿ. ಅದು ಫ್ಯಾನು. ನಮ್ಮ ದಂಡೆಯಲ್ಲಿ ಹುಟ್ಟಿದವರಿಗೆ ಆ ಮಾತು ಹೇಳಬಾರದು.

ಬಾಪ್ಪುವಿನ ಪೆಟ್ಟು ಕೆನ್ನೆಗೆ ಬಿದ್ದಾಗಲೇ ನಾನು ಹೊಸ್ತಿಲು ಬಿಟ್ಟದ್ದು. ಅವನೂ ಅವನ ಮಗನೂ ಹೆಗಲು ಕೊಟ್ಟರೂ ಹಲಗೆ ಮುಚ್ಚಲಿಲ್ಲ. ದೇವಮ್ಮನ ಮನೆಯ ಗಂಡಸರು ಓಡಿ ಬಂದು ಸೇರಿಕೊಂಡ ಮೇಲೆ ಮುಚ್ಚಿತು. ಹಿಂದೆಯೇ ಬಂದ ದೇವಮ್ಮ ಮಳೆಯಲ್ಲಿ ನಿಂತು ಕೈಮುಗಿದಳು.

"ಬಾಯಮ್ಮ ಇಲ್ದಿದ್ರೂ ತೆಗ್ದೆ ಅಲ್ಲಾ ಮಗ್ಳೆ. ದೋಣಿ ಮೇಲೆ ಎಳೂಕೆ ಹೇಳ್ತೆ ಇನ್ನು."

ಅದನ್ನು ಕೇಳಿ ಬಾಪ್ಪುವಿನ ಮುಖ ಇನ್ನಷ್ಟು ಕೆಂಪಾಯಿತು.

ಶಿಕ್ಷೆ ಹೊಡೆತದಲ್ಲಿ ಮುಗಿಯಲಿಲ್ಲ. ಆ ವರ್ಷ ಮಳೆಗಾಲ ಕಳೆದು ಬಿಷಪ್ಪರು ನಮ್ಮ ಕಡೆ ಬರುವವರಿದ್ದರು. ಅವರು ಬಂದಾಗಲೇ ದೃಢೀಕರಣ. ದೊಡ್ಡವರಾಗುತ್ತಿರುವ ಮಕ್ಕಳ ಹಣೆಗೆ ತೈಲ ಹಚ್ಚಿ ಪವಿತ್ರಾತ್ಮನನ್ನು ಕೊಡುವ ಸಂಸ್ಕಾರ. ನನ್ನ ಓರಗೆಯ ಹುಡುಗಿಯರೆಲ್ಲ ಆ ಸಾಲಿನಲ್ಲಿದ್ದರು. ಆ ದಿನ ತೊಡಲೆಂದು ಅಪ್ಪ ಬಿಳಿ ಬಟ್ಟೆಯನ್ನು ಯಾರದೋ ಕೈಯಲ್ಲಿ ಕಳಿಸಿಯಾಗಿತ್ತು. ಬಾಪ್ಪು ಪಾದ್ರಿಗಳ ಎದುರು ಒಂದು ಷರತ್ತು ಇಟ್ಟ. ನಾನು ಎಲ್ಲರೆದುರು ಹೇಳಬೇಕು, ನಾನು ಮಾಡಿದ್ದು ತಪ್ಪು, ಅಜ್ಜಿ ಮಾಡುತ್ತಿದ್ದದ್ದು ತಿಳಿಗೇಡಿತನ ಎಂದು. ಹೇಳಿದರೆ ತೈಲ, ಇಲ್ಲದಿದ್ದರೆ ಇಲ್ಲ.

ಮೊದಲ ಅರ್ಧ ಹೇಳಲು ನನಗೆ ಅಡ್ಡಿ ಇರಲಿಲ್ಲ. ಒಣಮೀನು ಹಾಳಾದದ್ದು ನಿಜ, ಹಂಚು ಒಡೆದದ್ದು ನಿಜ. ಎರಡನೆಯ ಅರ್ಧವನ್ನು ಹೇಳಲು ನಾನು ಒಪ್ಪಲಿಲ್ಲ. ಆ ಮಳೆಗಾಲವೆಲ್ಲ ಮಾಯ್ ನನ್ನ ಜೀವ ತಿಂದಳು. ಹೊಸ ಮಡಲು ಹೆಣೆಯಲು ಕೂರಿಸಿ, ಬೆರಳು ಸೀಳುವವರೆಗೆ ಹೆಣೆಸಿದಳು. ಬರಿಯ ಗಂಜಿ ಬಡಿಸಿ, ಮೀನು ಎಲ್ಲಿ ಎಂದರೆ ಗಾಳಿಯನ್ನು ಕೇಳು ಎಂದಳು. ಬಿಳಿ ಬಟ್ಟೆಯನ್ನು ಹೊಲಿಯುತ್ತ ಕೂತು ಅದೇ ಮಾತು.

"ಹೇಳ್ಬಿಡು. ನಾಲ್ಗೆಗೆ ಎಂತಾ ಗಂಟು ಬಿದ್ದದೆ? ಸತ್ತವ್ರಿಗೆ ಕೇಳ್ತದ್ಯೇ?"

"ನೀನೇ ಬೇಕಾರೆ ಹೇಳು," ಎಂದೆ ನಾನು ಒಂದು ದಿನ. "ನಿಂಗೆ ಅಭ್ಯಾಸ ಅದೆ."

ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ಪೆಟ್ಟು ಬೀಳುತ್ತದೆ ಅಂದುಕೊಂಡೆ, ಬೀಳಲಿಲ್ಲ. ಮತ್ತೆ ಹೊಲಿಯತೊಡಗಿದಳು.

ಬಿಷಪ್ಪರು ಬರುವ ವಾರ ಪಾದ್ರಿಗಳು ನಮ್ಮನ್ನು ಕರೆಸಿದರು. ಅವರ ಮನೆಯ ಜಗಲಿಯಲ್ಲಿ ಬಾಪ್ಪು ಕುರ್ಚಿಯ ಮೇಲೆ, ಇನ್ನಿಬ್ಬರು ಹಿರಿಯರು ಬೆಂಚಿನ ಮೇಲೆ, ನಾನು ಮತ್ತು ಮಾಯ್ ನಿಂತು. ಪಾದ್ರಿಗಳು ಸಾಧು ಮನುಷ್ಯ. ಅವರಿಗೆ ಈ ಪಂಚಾಯಿತಿ ಬೇಗ ಮುಗಿದು ಕಾಫಿ ಕುಡಿದರೆ ಸಾಕಿತ್ತು.

"ಮಗೂ, ಪವಿತ್ರಾತ್ಮ ನಿಮ್ಮ ಮನೆಯ ಆ ಬಾಗಿಲಿನಿಂದಲೇ ಬರುತ್ತಾನೆ ಎಂದು ನಂಬಿದ್ದೀಯಾ?"

"ಇಲ್ಲ ಫಾದರ್. ಅಜ್ಜಿನೂ ಹಂಗೆ ಹೇಳ್ಲಿಲ್ಲ. ಅವ ಎಲ್ಲಿಂದ ಬೇಕಾರೂ ಬತ್ತಾನೆ."

ಪಾದ್ರಿಗಳು ಇಷ್ಟೇ ಸಾಕು ಎಂಬಂತೆ ಬಾಪ್ಪುವಿನ ಕಡೆ ನೋಡಿದರು. ಬಾಪ್ಪುವಿಗೆ ಸಾಲಲಿಲ್ಲ.

"ಅಜ್ಜಿ ಮಾಡಿದ್ದು ತಿಳಿಗೇಡಿತನ ಅನ್ಲಿ. ಒಂದು ಮಾತು."

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಕೊನೆಗೆ ಬಾಪ್ಪು ಮಾಯ್ ಕಡೆ ತಿರುಗಿದ. ಅವನ ದನಿಯಲ್ಲಿ ಗೆದ್ದವನ ಸಮಾಧಾನವಿತ್ತು. ಅತ್ತೆ ಸೊಸೆಯ ಜಗಳ ಊರಿಗೇ ಗೊತ್ತಿದ್ದ ವಿಷಯವಲ್ಲವೇ.

"ಹುಡ್ಗಿ ಬೇಡ, ನೀನೇ ಹೇಳು. ಆ ಬಾಗ್ಲಿನ ಹುಚ್ಚಾಟಕ್ಕೆ ಜನ್ಮವಿಡೀ ಬೈದವ್ಳು ನೀನು. ತಾಯಿ ಹೇಳಿದ್ರೆ ಮಗ್ಳು ಹೇಳಿದ ಹಂಗೇ."

ಮಾಯ್ ಸೆರಗನ್ನು ಸರಿಮಾಡಿಕೊಂಡಳು. ಹೇಳಿಯೇ ಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಬೈದೆ ಭಾವಾ. ಬಾಯ್ತುಂಬ ಬೈದೆ. ಅವ್ರ ಎದ್ರಿಗೆ ನಿಂತು ಬೈದೆ, ಅವ್ರೂ ನಂಗೆ ಒಂದಕ್ಕೆ ನಾಕು ಕೊಟ್ರು. ಈಗ ಅವ್ರು ತಿರ್ಗಿ ಹೇಳೂಕೆ ಇಲ್ಲ. ತಿರ್ಗಿ ಹೇಳೂಕೆ ಬರದವ್ರನ್ನ ಬೈಯೂ ಅಭ್ಯಾಸ ನಂಗಿಲ್ಲ."

"ಹಂಗಾರೆ ಹುಡ್ಗಿಗೆ ದೃಢೀಕರಣ ಇಲ್ಲ."

"ಇಲ್ದಿದ್ರೆ ಇಲ್ಲ. ಆದ್ರೆ ಅತ್ತೆ ಸತ್ತ ಮೇಲೆ ನೀವು ಮಾತಾಡೂಕೆ ಕಲ್ತದ್ದು ಒಳ್ಳೇದಾಯ್ತು."

ನನ್ನ ರಟ್ಟೆ ಹಿಡಿದು ಅವಳು ಮೆಟ್ಟಿಲು ಇಳಿದಳು. ದಾರಿಯುದ್ದಕ್ಕೂ ರಟ್ಟೆ ಬಿಡಲಿಲ್ಲ. ಮನೆ ಮುಟ್ಟಿದ ಮೇಲೆ, ಮಡಲಿನ ಕೆಲಸ ಇನ್ನೂ ಬಾಕಿ ಇದೆ ಎಂದು ನೆನಪಿಸಿದಳು.

ಬಿಷಪ್ಪರು ಬಂದ ದಿನ ಉಳಿದ ಹುಡುಗಿಯರು ಬಿಳಿಯುಟ್ಟು ಇಗರ್ಜಿಗೆ ಹೋದರು. ಮಾಯ್ ನನಗೂ ತಲೆ ಬಾಚಿ, ಅದೇ ಬಿಳಿ ಬಟ್ಟೆ ತೊಡಿಸಿದಳು. ಹೊಲಿದ ಬಟ್ಟೆ ಪೆಟ್ಟಿಗೆಯಲ್ಲಿ ಇಟ್ಟರೆ ಜಿರಲೆ ತಿನ್ನುತ್ತದೆ ಎಂದಳು. ನಂತರ ನನ್ನನ್ನು ಬಸ್ಸು ಹತ್ತಿಸಿ ಅಂಕೋಲೆಯ ಮೀನುಪೇಟೆಗೆ ಕರೆದುಕೊಂಡು ಹೋದಳು. ಮಂಟಪಕ್ಕೆ ಹೋಗುವ ಹಾಗೆ ಶೃಂಗಾರವಾದ ಹುಡುಗಿ ಕೈಯಲ್ಲಿ ಚೀಲ ಹಿಡಿದು ಬಂಗಡೆಯ ರಾಶಿಯ ನಡುವೆ ನಿಂತಿದ್ದನ್ನು ಕಂಡು ಮೀನು ಮಾರುವ ಹೆಂಗಸರು ಸುಮ್ಮನಿರುತ್ತಾರೆಯೇ? ಎಂತಕೆ, ಎಂತಾ ಹಬ್ಬ ಎಂದು ಕೇಳಿದರು. ಮಾಯ್ ಮೀನಿನ ಕಿವಿರು ಎತ್ತಿ ನೋಡುತ್ತ, ಬಾಪ್ಪುವಿನ ಅಂಗಡಿಯವರೆಗೂ ಕೇಳುವ ದನಿಯಲ್ಲಿ, ಅಜ್ಜಿಯನ್ನು ಬೈಯಲಿಲ್ಲ ಎಂದು ಇವಳನ್ನು ಇಗರ್ಜಿಯಿಂದ ಹೊರಗೆ ಇಟ್ಟಿದ್ದಾರೆ ಎಂದಳು. ಕೇಳಿದವರಿಗೆಲ್ಲ ಹೇಳಿದಳು. ನನಗೆ ನಾಚಿಕೆಯಿಂದ ಸಾಯುವ ಹಾಗಾಗಿತ್ತು, ಮತ್ತು ಅವಳ ಸೆರಗು ಬಿಡಲು ಮನಸ್ಸಿರಲಿಲ್ಲ. ಮನೆಗೆ ಬರುವಾಗ ಬಿಳಿ ಬಟ್ಟೆಯ ಮೇಲೆ ಮೀನಿನ ನೀರಿನ ಕಲೆ ಬಿದ್ದಿತ್ತು. ಅದಕ್ಕೂ ಬೈಗುಳ ತಿಂದೆ.

ಬಾಪ್ಪು, ಮಾಯ್, ಆ ಪಾದ್ರಿಗಳು ಯಾರೂ ಈಗ ಇಲ್ಲ. ನಾನು ಕಾರವಾರದಲ್ಲಿ ಟೀಚರ್ ಆಗಿ ನಿವೃತ್ತಳಾಗಿದ್ದೇನೆ, ಹಣೆಗೆ ಆ ತೈಲ ಇನ್ನೂ ಬಿದ್ದಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿಯೊಬ್ಬಳು ತನ್ನ ದೃಢೀಕರಣಕ್ಕೆ ನಾನೇ ಹೆಗಲ ಮೇಲೆ ಕೈಯಿಡುವ ಸಾಕ್ಷಿಯಾಗಬೇಕು ಎಂದು ಹಟ ಹಿಡಿದಳು. ಆಗ ವಿಷಯ ಹೊರಬಿತ್ತು. ತಾನು ಪಡೆಯದವಳು ಇನ್ನೊಬ್ಬರಿಗೆ ಸಾಕ್ಷಿಯಾಗುವಂತಿಲ್ಲ. ಈಗಿನ ಫಾದರ್ ಚಿಕ್ಕ ಪ್ರಾಯದವರು, ನನ್ನ ವಿದ್ಯಾರ್ಥಿಗಳ ವಯಸ್ಸು. ಪೂರ್ತಿ ಕಥೆ ಕೇಳಿ ನಕ್ಕರು.

"ಟೀಚರ್, ಬಿಷಪ್ಪರು ಬಂದಾಗ ನಿಮಗೂ ಕೊಡಿಸಿಬಿಡೋಣ. ಯಾರಿಗೂ ಗೊತ್ತಾಗುವುದು ಬೇಡ, ನಿಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ. ಯಾವ ಷರತ್ತೂ ಇಲ್ಲ."

"ನನ್ನದೊಂದು ಇದೆ," ಎಂದೆ. "ಇಗರ್ಜಿಯಲ್ಲಿ, ಎಲ್ಲರೂ ಇರುವಾಗ, ನೀವು ನಿಂತು ಹೇಳಬೇಕು. ಬೆಳಂಬಾರದ ನತಾಲಿನ್ ತಿಳಿಗೇಡಿ ಆಗಿರಲಿಲ್ಲ ಎಂದು."

ಅವರ ನಗು ಅಲ್ಲಿಗೇ ನಿಂತಿತು. ಅಷ್ಟು ಹಳೆಯ ಮಾತು, ಕೇಳಿದವರೇ ಬದುಕಿಲ್ಲ, ಈಗ ಯಾರಿಗಾಗಿ ಎಂದರು. ಹಾಗಾದರೆ ಹೇಳಲು ಕಷ್ಟವೇನು ಎಂದೆ. ಬಿಷಪ್ಪರನ್ನು ಕೇಳಿ ತಿಳಿಸುತ್ತೇನೆ ಎಂದು ಹೋಗಿದ್ದಾರೆ. ಕೇಳಲಿ. ಒಪ್ಪಿದರೆ ಈ ವಯಸ್ಸಿನಲ್ಲೂ ಬಿಳಿಯುಟ್ಟು ಮಕ್ಕಳ ಸಾಲಿನಲ್ಲಿ ನಿಲ್ಲುತ್ತೇನೆ. ಒಪ್ಪದಿದ್ದರೆ ತೈಲ ಅವರಲ್ಲೇ ಇರಲಿ, ಅಜ್ಜಿಯನ್ನು ನಾನು ಬಿಟ್ಟುಕೊಡುವುದಿಲ್ಲ.